ಗಾಡಿ ಹಿಡ್ಕೊ ಬಾರೇ

ನಿಮ್ಮ ಮನೆಯಲ್ಲಿ ಬೈಕ್ ಇದೆಯೇ? ಟಿವಿಎಸ್ ಇದೆಯೇ? ಸ್ಕೂಟರ್ ಇದೆಯೇ? ಈಗ ಎಷ್ಟೋ ಮನೆಗಳ ಮುಂದೆ ಇವುಗಳಲ್ಲಿ ಒಂದಾದರೂ ನಿಂತಿರುತ್ತದೆ. ಹಾಲಿನ ಕ್ಯಾನು ಡೈರಿಗೆ ಹೋಗುವುದು ಇದರ ಮೇಲೆ. ಹುಲ್ಲಿನ ಹೊರೆ ಮನೆಗೆ ಬರುವುದು ಇದರ ಮೇಲೆ. ಹುಷಾರಿಲ್ಲದವರು ಆಸ್ಪತ್ರೆಗೆ ಹೋಗುವುದೂ ಇದರ ಮೇಲೆಯೇ.

ಗಾಡಿ ಅಂದ ಮೇಲೆ ರಿಪೇರಿ ಇದ್ದದ್ದೇ. ಚೈನು ಸಡಿಲವಾಗುತ್ತದೆ. ಚಕ್ರ ಪಂಕ್ಚರ್ ಆಗುತ್ತದೆ. ಸಣ್ಣಪುಟ್ಟ ಕೆಲಸಕ್ಕೆ ಪೇಟೆಗೆ ಯಾರು ಹೋಗುತ್ತಾರೆ? ಮನೆಯ ಗಂಡಸರು ಅಂಗಳದಲ್ಲೇ ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಆಮೇಲೆ ಒಳಗೆ ಕೂಗು ಹಾಕುತ್ತಾರೆ.

"ಏ ಇವಳೇ, ಒಂಚೂರು ಗಾಡಿ ಹಿಡ್ಕೊ ಬಾರೇ!"

ನಾವು ಒಲೆಯ ಮೇಲಿನ ಅನ್ನ ಬಿಟ್ಟು ಓಡುತ್ತೇವೆ. ಒದ್ದೆ ಕೈಯಲ್ಲೇ ಗಾಡಿ ಹಿಡಿದು ನಿಲ್ಲುತ್ತೇವೆ. ಕಂಕುಳಲ್ಲಿ ಮಗು ಇದ್ದರೂ ಹಿಡಿಯುತ್ತೇವೆ. ಆ ಹೊತ್ತಿಗೆ ಗಾಡಿಗೆ ನಾವೇ ಸ್ಟ್ಯಾಂಡು!

ಗಾಡಿಯ ತೂಕ ಎಷ್ಟು ಗೊತ್ತೇ? ಟಿವಿಎಸ್ ಎಕ್ಸ್‌ಎಲ್ 100 ಗಾಡಿ 90 ಕಿಲೋಗೆ ಹತ್ತಿರ. ಹೀರೋ ಸ್ಪ್ಲೆಂಡರ್ ಸುಮಾರು 112 ಕಿಲೋ. ಒಂದು ಸಿಮೆಂಟ್ ಮೂಟೆ 50 ಕಿಲೋ. ಅಂದರೆ ಬೈಕು ಎರಡು ಸಿಮೆಂಟ್ ಮೂಟೆಗಿಂತ ಹೆಚ್ಚು ಭಾರ. ನೆಟ್ಟಗೆ ನಿಂತಾಗ ಒಂದು ಬೆರಳಲ್ಲಿ ಹಿಡಿದರೂ ಸಾಕು ಅನ್ನಿಸುತ್ತದೆ. ಆದರೆ ಅದು ಸ್ವಲ್ಪ ವಾಲಿತು ಅನ್ನಿ. ವಾಲಿದಷ್ಟೂ ಭಾರ ಕೈಗೆ ಬರುತ್ತದೆ. ಆಗ ಗಟ್ಟಿ ಗಂಡಸಿನ ಕೈಯಲ್ಲೂ ನಿಲ್ಲುವುದಿಲ್ಲ.

ರತ್ನಮ್ಮನ ಮನೆಯಲ್ಲಿ ಹೀಗೇ ಒಂದು ಮಾತು ನಡೆಯಿತು. ಗಂಡ ಬೈಕಿನ ಹಿಂದಿನ ಚಕ್ರ ಬಿಚ್ಚಲು ಕೂತಿದ್ದ. ನೆಲ ಮಣ್ಣಿನದು. ಹಿಂದಿನ ದಿನ ಮಳೆ ಬಂದಿತ್ತು. ಸ್ಟ್ಯಾಂಡಿನ ಒಂದು ಕಾಲು ಆಗಲೇ ಮಣ್ಣಿಗೆ ಇಳಿದಿತ್ತು.

"ಹಿಡ್ಕೊಳ್ಳೇ, ಎರಡೇ ನಿಮಿಷ" ಅಂದ ಗಂಡ.

"ರೀ, ನಾನು ಹಿಡ್ಕೊಳ್ಳಲ್ಲ. ಇದು ವಾಲ್ತಾ ಇದೆ. ನೀವು ಕೆಳಗೆ ಕೈ ಹಾಕಿದ್ದೀರ. ನನ್ನ ಕೈ ಜಾರಿದ್ರೆ ನಿಮ್ಮ ಬೆರಳು ಉಳೀತದಾ?"

ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅತ್ತೆ ಅಂದರು: "ಅವಳು ಹೇಳೋದು ಸರಿ ಕಣೋ. ಎತ್ತು ಬಿಚ್ಚಿದ ಮೇಲೆ ನಿಮ್ಮಪ್ಪ ನೊಗದ ಕೆಳಗೆ ನನ್ನ ನಿಲ್ಲಿಸ್ತಿದ್ನಾ? ಊರುಗೋಲು ಕೊಡ್ತಿದ್ದ. ಗಾಲಿಗೆ ಕಲ್ಲು ಕೊಡ್ತಿದ್ದ. ಆಮೇಲೆ ಕೆಲಸ."

ಗಂಡ ಗೊಣಗಿದ. ಆದರೂ ಎದ್ದ.

ಅಜ್ಜಿ ಹೇಳಿದ್ದರಲ್ಲಿ ಎಲ್ಲವೂ ಇದೆ. ಭಾರ ಹೊರಬೇಕಾದ್ದು ಮನುಷ್ಯರಲ್ಲ. ಅಲುಗಾಡದ ವಸ್ತು ಹೊರಬೇಕು. ಹೇಗೆ ಎಂದು ನೋಡೋಣ.

ಮೊದಲು ನೆಲ. ಸಮವಾದ, ಗಟ್ಟಿಯಾದ ನೆಲ ಬೇಕು. ಸಿಮೆಂಟ್ ನೆಲ ಒಳ್ಳೆಯದು. ಚಪ್ಪಡಿ ಕಲ್ಲಿನ ನೆಲವೂ ಆಗುತ್ತದೆ. ಮಣ್ಣಿನ ಅಂಗಳವೇ ಇದ್ದರೆ ಸ್ಟ್ಯಾಂಡಿನ ಎರಡು ಕಾಲಿಗೂ ಸೇರುವಷ್ಟು ಅಗಲದ ದಪ್ಪ ಹಲಗೆ ಹಾಕಿ. ಆಗ ಕಾಲು ಮಣ್ಣಿಗೆ ಇಳಿಯುವುದಿಲ್ಲ. ಇಳಿಜಾರಿನಲ್ಲಿ ಯಾವ ಕೆಲಸವೂ ಬೇಡ.

ಇನ್ನು ಸ್ಟ್ಯಾಂಡು. ಗಾಡಿಗೆ ಎರಡು ಬಗೆಯ ಸ್ಟ್ಯಾಂಡು ಇರುತ್ತದೆ. ಸೈಡ್ ಸ್ಟ್ಯಾಂಡು ಒಂಟಿ ಕಾಲು. ಗಾಡಿಯನ್ನು ನಿಲ್ಲಿಸಿ ಹೋಗಲು ಅದು ಸಾಕು. ಚಕ್ರ ಬಿಚ್ಚುವ ಕೆಲಸಕ್ಕೆ ಸಾಲದು. ನಡುವಿನ ಸ್ಟ್ಯಾಂಡಿಗೆ ಎರಡು ಕಾಲು. ಅದನ್ನು ನಮ್ಮ ಕಡೆ ಡಬಲ್ ಸ್ಟ್ಯಾಂಡ್ ಅನ್ನುತ್ತಾರೆ. ಮನೆಯ ರಿಪೇರಿಗೆ ಇದೇ ಬೇಕು. ಕೆಲವು ಹೊಸ ಬೈಕುಗಳಿಗೆ ಡಬಲ್ ಸ್ಟ್ಯಾಂಡೇ ಇರುವುದಿಲ್ಲ. ಅಂಥ ಗಾಡಿಯ ಚಕ್ರ ಬಿಚ್ಚಲು ಮೆಕ್ಯಾನಿಕ್ ಹತ್ತಿರ ಹೋಗುವುದೇ ಸರಿ.

ಡಬಲ್ ಸ್ಟ್ಯಾಂಡ್ ಹಾಕುವುದು ಹೆಂಗಸರಿಗೆ ಆಗದ ಕೆಲಸ ಅನ್ನುವವರಿದ್ದಾರೆ. ಅದು ಸುಳ್ಳು. ಅದಕ್ಕೆ ಬೇಕಾದ್ದು ತೋಳಿನ ಬಲವಲ್ಲ, ಕಾಲಿನ ಮೇಲೆ ಮೈಭಾರ. ಮೊದಲು ಗಾಡಿಯ ಮೇಲಿನ ಮೂಟೆ, ಕ್ಯಾನು ಇಳಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಗಾಡಿಯ ಎಡಗಡೆ ನಿಲ್ಲಿ. ಎಡಗೈ ಹ್ಯಾಂಡಲ್ ಮೇಲಿರಲಿ. ಬಲಗೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿಯಿರಿ. ಬಲಗಾಲಿನಿಂದ ಸ್ಟ್ಯಾಂಡನ್ನು ನೆಲಕ್ಕೆ ಒತ್ತಿ. ಗಾಡಿಯನ್ನು ನೆಟ್ಟಗೆ ಮಾಡಿ. ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದ್ದು ಕಾಲಿಗೆ ಗೊತ್ತಾಗುತ್ತದೆ. ಆಗ ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಬಿಡಿ. ಗಾಡಿ ತಾನೇ ಹಿಂದಕ್ಕೆ ಏರಿ ಕೂರುತ್ತದೆ. ಬೆನ್ನು ಬಗ್ಗಿಸಿ ಎತ್ತಲು ಹೋಗಬೇಡಿ. ಸೊಂಟ ಹಿಡಿಯುತ್ತದೆ. ಮೊದಲ ಸಲ ಕಲಿಯುವಾಗ ಆಚೆ ಬದಿಗೆ ಒಬ್ಬರು ಇರಲಿ. ಚಪ್ಪಲಿ ಜಾರುವಂಥದ್ದು ಬೇಡ.

ಸ್ಟ್ಯಾಂಡ್ ಹಾಕಿದರೆ ಮುಗಿಯಲಿಲ್ಲ. ಗಾಡಿ ಸ್ವಲ್ಪ ಮುಂದಕ್ಕೆ ಸರಿದರೆ ಡಬಲ್ ಸ್ಟ್ಯಾಂಡು ತಾನಾಗಿಯೇ ಮಡಚಿಕೊಳ್ಳುತ್ತದೆ. ಅನೇಕ ಗಾಡಿಗಳು ಬೀಳುವುದು ಹೀಗೆಯೇ. ಆದ್ದರಿಂದ ಮುಂದಿನ ಚಕ್ರ ಉರುಳಬಾರದು. ಅದರ ಮುಂದೆ ಒಂದು, ಹಿಂದೆ ಒಂದು ಕಲ್ಲು ಕೊಡಿ. ಮುಂದಿನ ಬ್ರೇಕನ್ನು ಹಿಡಿಗೆ ಸೇರಿಸಿ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಖರ್ಚು ಏನೂ ಇಲ್ಲ.

ಈಗ ಒಂದು ಸಣ್ಣ ಉಪಾಯ. ಚಕ್ರದ ನಟ್ಟು ಬಹಳ ಬಿಗಿಯಾಗಿರುತ್ತದೆ. ಗಾಡಿ ಸ್ಟ್ಯಾಂಡ್ ಮೇಲಿರುವಾಗ ಜೋರಾಗಿ ಜಗ್ಗಿದರೆ ಗಾಡಿಯೇ ಅಲುಗುತ್ತದೆ. ಅದಕ್ಕೆ, ಎರಡೂ ಚಕ್ರ ನೆಲದ ಮೇಲಿರುವಾಗಲೇ ನಟ್ಟನ್ನು ಸ್ವಲ್ಪ ಸಡಿಲ ಮಾಡಬೇಕು. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಬೇಕು. ಪೂರ್ತಿ ಬಿಚ್ಚುವುದು ಆಗ. ಕೆಲಸ ಮುಗಿದ ಮೇಲೆ ನಟ್ಟು ಬಿಗಿ ಮಾಡಲು ಮರೆಯಬಾರದು.

ಮುಂದಿನ ಚಕ್ರದ ಮಾತು ಬೇರೆ. ಡಬಲ್ ಸ್ಟ್ಯಾಂಡ್ ಹಾಕಿದಾಗ ಬೈಕು ನಿಂತಿರುವುದು ಸ್ಟ್ಯಾಂಡು ಮತ್ತು ಮುಂದಿನ ಚಕ್ರದ ಮೇಲೆ. ಆ ಚಕ್ರ ತೆಗೆದರೆ ಗಾಡಿ ಮೂಗು ಅಡಿಯಾಗಿ ಬೀಳುತ್ತದೆ. ಇಂಜಿನ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಲೇಬೇಕು. ಸೈಲೆನ್ಸರ್ ಕೊಳವೆಯ ಮೇಲೆ ಭಾರ ಬೀಳಬಾರದು. ಇಟ್ಟಿಗೆ ಮೇಲೆ ಇಟ್ಟಿಗೆ ಪೇರಿಸುವವರಿದ್ದಾರೆ. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಸಿಮೆಂಟ್ ಬ್ಲಾಕೂ ಅಷ್ಟೇ, ಒಮ್ಮೆಗೇ ಒಡೆಯುತ್ತದೆ. ತೊಲೆಗೆ ಹಗ್ಗ ಹಾಕಿ ಗಾಡಿ ಎತ್ತುವುದಂತೂ ಬೇಡವೇ ಬೇಡ. ನನ್ನನ್ನು ಕೇಳಿದರೆ ಮುಂದಿನ ಚಕ್ರದ ಕೆಲಸ ಮನೆಯಲ್ಲಿ ಮಾಡದಿರುವುದೇ ಮೇಲು. ಅಂಗಡಿಯವನಿಗೆ ಕೊಡುವ ದುಡ್ಡು ಬೆರಳಿಗಿಂತ ದೊಡ್ಡದೇ?

ಚೈನು ಒರೆಸುವಾಗ ಕೆಲವರು ಇಂಜಿನ್ ಚಾಲೂ ಇಡುತ್ತಾರೆ. ಚಕ್ರ ತಾನೇ ತಿರುಗುತ್ತದಲ್ಲ, ಸುಲಭ ಅನ್ನುತ್ತಾರೆ. ಬಟ್ಟೆಯ ತುದಿ ಚೈನಿಗೆ ಸಿಕ್ಕರೆ ಹಿಂದೆಯೇ ಬೆರಳೂ ಹೋಗುತ್ತದೆ. ಗಾಡಿ ನಡುಗಿ ಸ್ಟ್ಯಾಂಡಿನಿಂದ ಜಾರಲೂಬಹುದು. ಇಂಜಿನ್ ಆರಿಸಿ. ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಚಕ್ರವನ್ನು ಕೈಯಿಂದ ಸ್ವಲ್ಪ ತಿರುಗಿಸಿ. ನಿಲ್ಲಿಸಿ. ಆಮೇಲೆ ಒರೆಸಿ.

ಮಕ್ಕಳ ಮೇಲೆ ಕಣ್ಣಿರಲಿ. ಸ್ಟ್ಯಾಂಡ್ ಮೇಲಿನ ಗಾಡಿ ಹತ್ತಿ "ಡುರ್ರ್" ಅನ್ನುವುದು ಮಕ್ಕಳಿಗೆ ಆಟ. ಸೈಲೆನ್ಸರ್ ಬಿಸಿ ಇರುತ್ತದೆ ಎಂಬುದು ಅವಕ್ಕೆ ತಿಳಿಯದು. ಸುಟ್ಟರೆ ಕೂಡಲೇ ನಲ್ಲಿಯ ತಣ್ಣೀರನ್ನು 20 ನಿಮಿಷ ಸುರಿಯಿರಿ. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಹಚ್ಚಬೇಡಿ. ಆಮೇಲೆ ಡಾಕ್ಟರಿಗೆ ತೋರಿಸಿ.

ಇಷ್ಟಾದರೂ ಗಾಡಿ ಬೀಳಹೊರಟರೆ? ಹಿಡಿಯಲು ಹೋಗಬೇಡಿ. ಕೈ ಬಿಟ್ಟು ಹಿಂದಕ್ಕೆ ಸರಿಯಿರಿ. "ಬಿತ್ತು, ಸರೀರಿ!" ಎಂದು ಕೂಗಿ. ಕನ್ನಡಿ ಒಡೆದರೆ ಹೊಸದು ಬರುತ್ತದೆ. ಬಿದ್ದ ಗಾಡಿಯಿಂದ ಪೆಟ್ರೋಲ್ ಸೋರಬಹುದು. ಹತ್ತಿರ ಒಲೆ, ದೀಪ, ಬೀಡಿ ಇರಬಾರದು. ಇಂಜಿನ್ ಚಾಲೂ ಇದ್ದರೆ ಬೀಗದ ಕೈ ತಿರುಗಿಸಿ ಆರಿಸಿ. ಇಬ್ಬರು ಸೇರಿ ಎತ್ತಿ. ಯಾರಾದರೂ ಕೆಳಗೆ ಸಿಕ್ಕಿ ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ.

ಓದಿ, ಮಾತಾಡಿ, ಬರೆಯಿರಿ

ಡಬಲ್ ಸ್ಟ್ಯಾಂಡ್, ಹಲಗೆ, ದಿಮ್ಮಿ, ಊರುಗೋಲು, ನಟ್ಟು: ಈ ಪದಗಳನ್ನು ಎರಡೆರಡು ಸಲ ಬರೆಯಿರಿ.

ರತ್ನಮ್ಮ ಗಾಡಿ ಹಿಡಿಯಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಗುಂಪಿನಲ್ಲಿ ಮಾತಾಡಿ.

ಒಂದು ಅಕ್ಕಿ ಮೂಟೆ 25 ಕಿಲೋ. 112 ಕಿಲೋ ಬೈಕು ಎಷ್ಟು ಅಕ್ಕಿ ಮೂಟೆಗೆ ಸಮ? ಲೆಕ್ಕ ಮಾಡಿ.

ನಿಮ್ಮ ಮನೆಯ ಗಾಡಿಯನ್ನು ನೋಡಿ. ಅದಕ್ಕೆ ಎಷ್ಟು ಸ್ಟ್ಯಾಂಡು ಇವೆ? ಅದು ನಿಲ್ಲುವ ನೆಲ ಹೇಗಿದೆ? ನಾಳೆ ಎರಡು ಸಾಲು ಬರೆದು ತನ್ನಿ.