ಒಪ್ಪಿಸಿದ ಮೇಲೆ ಕಿತ್ತುಕೊಳ್ಳಬೇಡ

ಟೀಮ್ ಲೀಡ್ ಆದೆಯಂತೆ, ನಿಮ್ಮಮ್ಮ ಹೇಳಿದಳು. ತುಂಬಾ ಸಂತೋಷ ಮಗಳೇ. ಜೊತೆಗೆ ಇನ್ನೊಂದು ಮಾತೂ ಹೇಳಿದಳು: ರಾತ್ರಿ ಹನ್ನೊಂದಾದರೂ ನೀನು ಲ್ಯಾಪ್‌ಟಾಪ್ ಮುಚ್ಚುವುದಿಲ್ಲ, ಹುಡುಗರು ಮಾಡಿದ್ದನ್ನೆಲ್ಲ ಮತ್ತೆ ನೀನೇ ಮಾಡುತ್ತಾ ಕೂತಿರುತ್ತೀಯ ಅಂತ. ಅದಕ್ಕೇ ಈ ನಾಲ್ಕು ಮಾತು.

ನಿನ್ನ ಕೈಕೆಲಸ ನೋಡಿ ಬಡ್ತಿ ಕೊಟ್ಟರು, ನಿಜ. ಆದರೆ ಬಡ್ತಿ ಸಿಕ್ಕ ದಿನದಿಂದ ನಿನ್ನ ಕೆಲಸವೇ ಬೇರೆಯಾಯಿತು. ನಿನಗೆ ಬರುವುದನ್ನು ನಿನ್ನ ಕೈಕೆಳಗಿನವರಿಗೂ ಬರುವ ಹಾಗೆ ಮಾಡುವುದೇ ಈಗಿನ ಕೆಲಸ. ಜಾಣರೇ ಇಲ್ಲಿ ಎಡವುವುದು ಹೆಚ್ಚು. ತಾವೇ ಮಾಡಿದರೆ ಬೇಗ ಮುಗಿಯುತ್ತದೆ ಅಂತ ಅವರಿಗೆ ಗೊತ್ತಿರುತ್ತದಲ್ಲ!

ನಮ್ಮ ಬೆಂಗಳೂರಿನ ಪೀಣ್ಯವನ್ನೇ ನೋಡು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿಸಿದ್ದು ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. ಅವರು ಅಮೆರಿಕದಲ್ಲಿದ್ದಾಗ ಪಯೋನಿಯರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದು ಪಳಗಿದವರು. ಜೊತೆಗಿದ್ದ ಎಂಜಿನಿಯರುಗಳಲ್ಲಿ ಹೆಚ್ಚಿನವರು ಎಳೆಯರು, ಉಪಗ್ರಹ ಕಟ್ಟಿ ಗೊತ್ತಿಲ್ಲದವರು. ಅಂಥವರ ಕೈಗೇ ಅವರು ಕೆಲಸ ಒಪ್ಪಿಸಿದರು. ಸುಮಾರು 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಕಕ್ಷೆ ಸೇರಿತು. ವಿದ್ಯುತ್ ಪೂರೈಕೆ ಕೈಕೊಟ್ಟು ಅದರ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಆದರೆ ಆ ಶೆಡ್ಡುಗಳಲ್ಲಿ ಕಲಿತ ಕೈಗಳು ನಿಲ್ಲಲಿಲ್ಲ. 1979ರಲ್ಲಿ ಭಾಸ್ಕರ, 1981ರಲ್ಲಿ ಆ್ಯಪಲ್, 1988ರಲ್ಲಿ ಐಆರ್‌ಎಸ್-1ಎ ಉಪಗ್ರಹಗಳು ಬಂದವು. ನನ್ನನ್ನು ಕೇಳಿದರೆ, ಪೀಣ್ಯದಲ್ಲಿ ತಯಾರಾದ ದೊಡ್ಡ ವಸ್ತು ಆರ್ಯಭಟವಲ್ಲ, ಆ ತಂಡ.

ಹಾಗಂತ ಕೆಲಸ ಹಂಚಿ ಸುಮ್ಮನೆ ಕೂರು ಅನ್ನುತ್ತಿಲ್ಲ. ಒಪ್ಪಿಸುವಾಗ ನಿರ್ಧಾರ ಮಾಡುವ ಅಧಿಕಾರವನ್ನೂ ಒಪ್ಪಿಸು. ಅದಿಲ್ಲದಿದ್ದರೆ ನೀನು ಕೊಟ್ಟದ್ದು ಬರೀ ಹೊರೆ. ನಡುವೆ ಹೋಗಿ ಕೇಳು: ಎಲ್ಲಿ ಸಿಕ್ಕಿಕೊಂಡಿದೆ, ನೀನು ಏನು ಯೋಚಿಸಿದ್ದೀಯ? ಉತ್ತರ ನಿನಗೆ ಗೊತ್ತಿದ್ದರೂ ಸ್ವಲ್ಪ ಹೊತ್ತು ತಡೆದುಕೋ. ತಪ್ಪು ಕಂಡರೆ ತೋರಿಸು. ತಿದ್ದುವುದು ಅವರ ಕೈಯಲ್ಲೇ ಆಗಲಿ. ಗ್ರಾಹಕರಿಗೆ ನಷ್ಟವಾಗುವಂಥದ್ದಾದರೆ ಮಾತ್ರ ನೀನೇ ಕೈಹಾಕು, ಹಾಕಿದ್ದು ಯಾಕೆಂದು ಆಮೇಲೆ ಕೂರಿಸಿ ಹೇಳು.

ಕೆಟ್ಟರೆ ಬೈಸಿಕೊಳ್ಳಬೇಕಾದವಳು ನೀನು. ಇದರಲ್ಲಿ ರಿಯಾಯಿತಿ ಇಲ್ಲ. 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಇಸ್ರೊ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ಹೊಣೆ ತಾವೇ ಹೊತ್ತರು. ಮರುವರ್ಷ ಜುಲೈನಲ್ಲಿ ಗೆದ್ದಾಗ ಮಾತಾಡಲು ಕಳಿಸಿದ್ದು ಯೋಜನೆಯ ನಿರ್ದೇಶಕ ಕಲಾಂ ಅವರನ್ನು. ಕಲಾಂ ಇದನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು. ನಿನ್ನ ಟೀಮಿನವರೂ ಇಂಥದ್ದನ್ನು ಮರೆಯುವುದಿಲ್ಲ.

ನಾಯಕತ್ವದ ತರಬೇತಿಗೆ ಕಂಪನಿ ಕಳಿಸಿದರೆ ಹೋಗಿ ಬಾ, ನಾಲ್ಕು ಒಳ್ಳೆಯ ವಿಷಯ ತಿಳಿಯುತ್ತವೆ. ಅಭ್ಯಾಸ ಮಾತ್ರ ನಿನ್ನ ಸೀಟಿನಲ್ಲೇ ಆಗಬೇಕು. ಮುಂದಿನ ರಿವ್ಯೂ ಮೀಟಿಂಗಿನಲ್ಲಿ ನೀನು ಮಾತಾಡಬೇಡ. ಕೆಲಸ ಮಾಡಿದ ಹೊಸ ಹುಡುಗ ತಡವರಿಸಿದರೂ ಪರವಾಗಿಲ್ಲ, ದೊಡ್ಡವರ ಎದುರು ಅವನೇ ನಿಂತು ಹೇಳಲಿ.