ಒಣ ಪುದೀನ ಮತ್ತು ಆವೀಕರಣ: ಒಂದು ಬೋಧನಾನುಭವ

ತರಗತಿ: 9, ವಿಜ್ಞಾನ
ಶಾಲೆ: ಹುಮನಾಬಾದ್ ತಾಲ್ಲೂಕಿನ ಒಂದು ಪ್ರೌಢಶಾಲೆ
ಉದ್ದೇಶ: ಕುದಿಯದೆಯೂ ದ್ರವ ಆವಿಯಾಗುವುದನ್ನು ವಾಸನೆಯಿಂದ ಗುರುತಿಸುವುದು

ಪುದೀನದ ಸುಗಂಧ ತೈಲವು ಎಲೆಯ ಮೇಲ್ಮೈಯ ಸೂಕ್ಷ್ಮ ಗ್ರಂಥಿಗಳಲ್ಲಿರುತ್ತದೆ. ಮೆಂಥಾಲ್‌ನ ಕುದಿಬಿಂದು ಸುಮಾರು 212 ಡಿಗ್ರಿ ಸೆಲ್ಸಿಯಸ್. ಆದರೂ ಎಲೆ ಹೊಸಕಿದ ಕೂಡಲೇ ಅದರ ಘಮ ಮೂಗಿಗೆ ಬರುತ್ತದೆ.

ಬಸವಕಲ್ಯಾಣದಲ್ಲಿ ಕೊಂಡ ಪುದೀನವನ್ನು ಬಿಸಿಲಿನಲ್ಲಿ ಸ್ವಲ್ಪ, ನೆರಳಿನಲ್ಲಿ ಸ್ವಲ್ಪ ಒಣಗಿಸಿದ್ದೆ. ಒಣಗಿದರೆ ತೈಲ ಕಡಿಮೆಯಾಗುತ್ತದೆ ಎಂದು ತೋರಿಸಲು ಹಸಿ ಎಲೆ 5 ಗ್ರಾಂ, ನೆರಳಿನ ಒಣ ಎಲೆ 5 ಗ್ರಾಂ ಕೊಟ್ಟೆ. "ಒಣಗಿದ್ದೇ ಭಾಳ ವಾಸನಿ ಬರ್ಲಾಕತ್ತದ್ರಿ ಟೀಚರ್" ಎಂದಳು ಒಬ್ಬ ವಿದ್ಯಾರ್ಥಿನಿ. ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ನೋಡೋಣ" ಎಂದೆ.

ತಪ್ಪಿದ್ದದ್ದು ನನ್ನ ಹೋಲಿಕೆಯಲ್ಲಿ. ಹಸಿ ಎಲೆಯಲ್ಲಿ ಬಹುಪಾಲು ನೀರು. 5 ಗ್ರಾಂ ಒಣ ಎಲೆಗೆ ಸುಮಾರು 25 ಗ್ರಾಂ ಹಸಿ ಎಲೆ ಬೇಕು. ಒಂದಷ್ಟು ತೈಲ ಹೋದರೂ, ನೀರು ಅದಕ್ಕಿಂತ ಹೆಚ್ಚು ಹೋಗಿರುತ್ತದೆ.

ಮರುದಿನ ತೂಕ ಬಿಟ್ಟು, ಮೂರು ಗುಂಪಿಗೂ 20 ಎಲೆ ಎಣಿಸಿ ಕೊಟ್ಟೆ. ಹಸಿ ಎಲೆ ಮೊದಲು, ನೆರಳಿನದು ನಂತರ, ಬಿಸಿಲಿನದು ಕೊನೆಗೆ ಎಂದು ಹೆಚ್ಚಿನವರು ಬರೆದರು. ತಾಪ ಹೆಚ್ಚಿದಂತೆ ಆವೀಕರಣ ಹೆಚ್ಚುತ್ತದೆ ಎಂಬುದನ್ನು ಮಕ್ಕಳೇ ಹೇಳಿದರು.

ಮೂಗು ಅಳತೆಗೋಲಲ್ಲ, ನಿಖರ ಪ್ರಮಾಣಕ್ಕೆ ಬಟ್ಟಿ ಇಳಿಸಬೇಕು. ಆದರೆ ಯಾವುದನ್ನು ಸಮನಾಗಿಟ್ಟು ಹೋಲಿಸಬೇಕೆಂಬುದನ್ನು ಪಾಠಯೋಜನೆಯಲ್ಲೇ ಬರೆದುಕೊಳ್ಳಬೇಕೆಂದು ಆ ಹುಡುಗಿಯಿಂದ ಕಲಿತೆ.