ಹೃದ್ರೋಗಿಗಳಿಗೆ ಇತರ ಶಸ್ತ್ರಚಿಕಿತ್ಸೆ: ಅರಿವಳಿಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯತ್‌ನ ಮಾನ್ಯ ಸದಸ್ಯರ ಗಮನಕ್ಕೆ:

ಬೆಳುವಾಯಿಯಂತಹ ಗ್ರಾಮಗಳಿಂದ ಹರ್ನಿಯಾ, ಪಿತ್ತಕೋಶದ ಕಲ್ಲು ಮುಂತಾದವುಗಳ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ತೆರಳುವವರಲ್ಲಿ ಹೃದಯಕ್ಕೆ ಸ್ಟೆಂಟ್ ಅಳವಡಿಸಿಕೊಂಡವರೂ ಇರುತ್ತಾರೆ. ಚಿಕಿತ್ಸೆ ಮುಂದೆ ಹೋದೀತೆಂಬ ಭಯದಿಂದ ಕೆಲವರು ಇದನ್ನು ಮರೆಮಾಚುವುದುಂಟು. ಕೆಲವರು ರಕ್ತಸ್ರಾವಕ್ಕೆ ಅಂಜಿ ರಕ್ತ ತೆಳುಗೊಳಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುತ್ತಾರೆ. ಎರಡೂ ಪ್ರಾಣಾಪಾಯಕ್ಕೆ ಎಡೆಮಾಡುತ್ತವೆ.

ಮಾತ್ರೆ ನಿಲ್ಲಿಸಿದಾಗ ಹೊಸ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಆದುದರಿಂದಲೇ ಔಷಧಲೇಪಿತ ಸ್ಟೆಂಟ್ ಹಾಕಿದ ಬಳಿಕ, ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ 6 ತಿಂಗಳು, ಹೃದಯಾಘಾತದ ನಿಮಿತ್ತ ಹಾಕಿದ್ದಲ್ಲಿ 12 ತಿಂಗಳು ಕಾಯಲಾಗುತ್ತದೆ. ಸೊಂಟದ ಮೂಳೆ ಮುರಿತಕ್ಕೆ ಇಷ್ಟು ಕಾಯುವಂತಿಲ್ಲ. ತಡವಾದಷ್ಟೂ ವೃದ್ಧರಿಗೆ ಹಾನಿ. ಇನ್ನೊಂದೆಡೆ, ಕ್ಲೊಪಿಡೊಗ್ರೆಲ್ ಸೇವಿಸುತ್ತಿರುವುದನ್ನು ತಿಳಿಸದೆ ಬೆನ್ನಿಗೆ ಅರಿವಳಿಕೆಯ ಚುಚ್ಚುಮದ್ದು ಪಡೆದರೆ, ಬೆನ್ನುಹುರಿಯ ಸುತ್ತ ರಕ್ತ ಸೋರಿ ಕಾಲುಗಳ ಸ್ವಾಧೀನ ತಪ್ಪುವ ಅಪಾಯವಿದೆ. ಮಾತ್ರೆ ನಿಲ್ಲಿಸಬೇಕೇ, ಎಂದು ನಿಲ್ಲಿಸಬೇಕು ಎಂಬುದನ್ನು ಹೃದ್ರೋಗ ತಜ್ಞರೂ ಅರಿವಳಿಕೆ ತಜ್ಞರೂ ಕೂಡಿ ನಿರ್ಧರಿಸತಕ್ಕದ್ದು.

ಎರಡು ಮಹಡಿ ಮೆಟ್ಟಿಲು ಹತ್ತಬಲ್ಲಿರಾ ಎಂದು ಅರಿವಳಿಕೆ ತಜ್ಞರು ಕೇಳುವುದುಂಟು. ಅಡಿಕೆ ತೋಟದಿಂದ ಮನೆಯಂಗಳಕ್ಕೆ ಏರು ಹತ್ತುವಾಗ ನಡುವೆ ನಿಂತು ಉಸಿರೆಳೆದುಕೊಳ್ಳಬೇಕಾಗುತ್ತದೆಯೇ ಎಂಬುದನ್ನು ಹೇಳಿದರೂ ಅವರಿಗೆ ಹೃದಯದ ಶಕ್ತಿಯ ಅಂದಾಜು ಸಿಗುತ್ತದೆ.

ಸ್ಟೆಂಟ್ ಹಾಕಿದ ದಿನಾಂಕವುಳ್ಳ ಬಿಡುಗಡೆ ಪತ್ರ, ಇಸಿಜಿ ಮತ್ತು ಎಕೋ ವರದಿ, ಸೇವಿಸುವ ಎಲ್ಲ ಮಾತ್ರೆಗಳ ಚೀಟಿ (ಮಾತ್ರೆಯ ಖಾಲಿ ಪಟ್ಟಿಯಾದರೂ ಸರಿ) ಇವುಗಳನ್ನು ರೋಗಿಗಳು ತಪ್ಪದೆ ಕೊಂಡೊಯ್ಯುವಂತೆ ಸದಸ್ಯರು ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸತಕ್ಕದ್ದು. ಶಸ್ತ್ರಚಿಕಿತ್ಸೆಯ ದಿನ ಬರಿಹೊಟ್ಟೆಯಲ್ಲಿರುವಾಗಲೂ ಯಾವ ಮಾತ್ರೆಯನ್ನು ಗುಟುಕು ನೀರಿನೊಡನೆ ನುಂಗಬೇಕೆಂಬುದನ್ನು ಹಿಂದಿನ ದಿನವೇ ಕೇಳಿ ಬರೆಸಿಕೊಳ್ಳಬೇಕು.